ಹಿಂದಿನ ಚಕ್ರದ ಹೊಗೆ

ಕಾರಿನ ಕೀಲಿ ಅವನ ಅಂಗೈಗೆ ಒಂದು ಗೇಣು ಮೇಲಿನಿಂದ ಬಿತ್ತು. ಆಕೆ ಅದನ್ನು ಕೊಡಲಿಲ್ಲ, ಬಿಟ್ಟಳು. ಬಿಟ್ಟ ಮೇಲೆ ಹೆಬ್ಬೆರಳು ತೋರುಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರದೋ ರಕ್ತ, ಉಚ್ಚೆ, ಕಫಗಳನ್ನು ಸಣ್ಣ ಶೀಶೆಗಳಲ್ಲಿ ಅಲ್ಲಾಡಿಸಿ ಬೆಳಕಿಗೆ ಹಿಡಿಯುವ ಲ್ಯಾಬಿನ ಹೆಂಗಸಿಗೆ ತನ್ನ ಕೈ ಹೇಸಿಗೆ ಅನ್ನಿಸಿತಲ್ಲ ಎಂದು ಮೇಸ್ತ್ರಿಗೆ ಒಳಗೇ ಉರಿಯಿತು. ಉರಿದ ಮರುಗಳಿಗೆಯೇ ಆ ಕೈಯನ್ನು ತಾನೂ ನೋಡಿಕೊಂಡ. ಉಗುರಿನ ಸಂದಿಯ ಕಪ್ಪು ಹದಿನೆಂಟನೇ ವಯಸ್ಸಿಗೆ ಸೇರಿಕೊಂಡದ್ದು, ಈಗ ಅವನಿಗೆ ಐವತ್ತೆರಡು; ಸೋಪು, ಸೀಮೆಎಣ್ಣೆ, ಮರದ ಹೊಟ್ಟು ಯಾವುದಕ್ಕೂ ಅದು ಜಗ್ಗಿರಲಿಲ್ಲ. ಆಕೆ ಹೇಳುತ್ತಿದ್ದಳು: "ಮೂರೂವರೆಗೆ ಬರ್ತೀನಿ ಮೇಸ್ತ್ರಿ. ನಾಲ್ಕಕ್ಕೆ ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು, ನೆನಪಿನ ಟೆಸ್ಟು. ಮನೇಲಿ ಒಬ್ಬರನ್ನೇ ಬಿಡೋಕಾಗಲ್ಲ, ಇಲ್ಲೇ ಒಂದು ಕಡೆ ಕೂತಿರ್ತಾರೆ. ತೊಂದರೆ ಇಲ್ಲ ತಾನೆ?" ಅಪ್ಪ ಅವಳ ಪಕ್ಕದಲ್ಲೇ ನಿಂತಿದ್ದ. ಅವನ ತಲೆಯ ಮೇಲಿಂದಲೇ ಮಾತು ಹಾದುಹೋಗುತ್ತಿತ್ತು. "ಹ್ಯಾಂಡ್ ಬ್ರೇಕ್ ಹಾಕಿದ್ದು ಮರೆತು ಹಾಗೇ ಓಡ್ಸಿದಾರೆ. ಚಕ್ರದಲ್ಲಿ ಹೊಗೆ ಬರೋವರೆಗೂ ಗೊತ್ತಾಗಿಲ್ಲ. ನಿಮ್ಮ ಕೆಲಸದಲ್ಲೇನೂ ತಪ್ಪಿಲ್ಲ ಬಿಡಿ, ಮೂರು ತಿಂಗಳ ಹಿಂದೆ ಬ್ರೇಕೆಲ್ಲ ಎಷ್ಟು ನೀಟಾಗಿ ಮಾಡಿಕೊಟ್ಟಿದ್ರಿ!" ಮೇಸ್ತ್ರಿ ತಲೆಯಾಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ಅವನಿಗೇ ಸ್ಪಷ್ಟವಾಗದ ಹಾಗೆ ಆಡಿಸಿದ.

ಅವಳು ಹೋದ ಮೇಲೆ ಮುದುಕ ಒಂದು ಹಳೇ ಟೈರಿನ ಮೇಲೆ ಕೂತ. ಮೂವತ್ತಾರು ವರ್ಷ ಬಸ್ಸು ಓಡಿಸಿದವನು. ಒಂದು ಕೋಳಿಮರಿಯನ್ನೂ ಹಾಯ್ದಿಲ್ಲ ಅಂತ ಯಾರೂ ಕೇಳದಿದ್ದರೂ ಹೇಳುತ್ತಿದ್ದವನು. ಮೂರು ತಿಂಗಳ ಹಿಂದೆ ಇದೇ ಶೆಡ್ಡಿಗೆ ಬಂದಾಗ "ಏನೋ ಮೇಸ್ತ್ರಿ, ಪಾನಾ ಹಿಡಿಯೋದು ಹಾಗಾ?" ಎಂದು ಏಕವಚನದಲ್ಲೇ ಗದರಿದ್ದ, ಕಾರು ತೊಗೊಂಡು ಹೋಗುವಾಗ ಬೆನ್ನಿಗೆ ಗುದ್ದಿ ನಕ್ಕಿದ್ದ. ಈಗ ಆತ "ಇಲ್ಲಿ ಕೂತ್ರೆ ನಿಮಗೆ ಅಡ್ಡ ಆಗುತ್ತಾ?" ಎಂದು ಕೇಳಿದ. ಆ 'ನಿಮಗೆ' ಎಂಬುದು ಮೇಸ್ತ್ರಿಯ ಕಿವಿಯಲ್ಲಿ ಹುಳದಂತೆ ಹೊಕ್ಕಿತು. ಆ ಹೊಗೆ ಎದ್ದ ಆರು ದಿನದಲ್ಲಿ ಒಬ್ಬ ಮನುಷ್ಯ ಎಲ್ಲರಿಗೂ ಬಹುವಚನ ಕೊಡುವಷ್ಟು ಕುಗ್ಗಿಬಿಡಬಹುದೇ?

ಎಡಗಡೆಯ ಹಿಂದಿನ ಚಕ್ರ ಬಿಚ್ಚಿದಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಡಿಸ್ಕಿನ ತಟ್ಟೆ ನೀಲಿಗಟ್ಟಿತ್ತು. ಅದರ ಅಂಚನ್ನು ಕಚ್ಚಿ ಹಿಡಿದ ಕ್ಯಾಲಿಪರ್ ಮೇಲೆ ಬೆಳ್ಳಿ ಬಣ್ಣ ಅಲ್ಲಲ್ಲಿ ಗುಳ್ಳೆಯೆದ್ದು, ಬಾಡಿದ ಚರ್ಮದ ಹಾಗೆ ಸುಲಿದಿತ್ತು. ಅವನದೇ ಬಣ್ಣ. ಅವನದೇ ಬ್ರಷ್ಷು. ಮೂರು ತಿಂಗಳ ಹಿಂದಿನ ಆ ದಿನ ಬೇರೆ ಯಾವ ತುರ್ತೂ ಇರಲಿಲ್ಲ, ಮೈಗೆ ಹುಷಾರಿಲ್ಲದೇನೂ ಇರಲಿಲ್ಲ, ಹೊಸ ಬಿಡಿಭಾಗಗಳ ಕಿಟ್ಟಿನ ಪೊಟ್ಟಣವೂ ತಂದಾಗಿತ್ತು. ಕ್ಯಾಲಿಪರನ್ನು ಕೈಯಲ್ಲಿ ಹಿಡಿದು, ಪಿಸ್ಟನ್ನಿನ ಸುತ್ತಲ ರಬ್ಬರು ಹರಿದು ಒಳಗಿನಿಂದ ಕರಿ ಲೋಳೆ ಜಿನುಗುತ್ತಿದ್ದುದನ್ನು ಕಂಡು, 'ಥೂ, ಇದರೊಳಗೆ ಯಾರು ಕೈ ಹಾಕ್ತಾರೆ' ಅನ್ನಿಸಿತ್ತು, ಅಷ್ಟೆ. ಮೂವತ್ನಾಲ್ಕು ವರ್ಷ ಇದೇ ಲೋಳೆಯಲ್ಲಿ ಕೈಯಾಡಿಸಿದವನಿಗೆ ಒಂದು ಮಧ್ಯಾಹ್ನ ತಟ್ಟನೆ ಹೇಸಿಗೆ ಹುಟ್ಟಿತ್ತು. ತಂತಿಯ ಬ್ರಷ್ಷಿನಲ್ಲಿ ಮೇಲೆ ಮೇಲೆ ತಿಕ್ಕಿ, ಸೀಮೆಎಣ್ಣೆಯಲ್ಲಿ ಒರೆಸಿ, ಬೆಳ್ಳಿ ಬಣ್ಣ ಬಳಿದು ಮತ್ತೆ ಕೂರಿಸಿಬಿಟ್ಟಿದ್ದ. ಬಣ್ಣ ಒಣಗುವವರೆಗೂ ಸಿಳ್ಳೆ ಹಾಕುತ್ತಿದ್ದ ಎನ್ನುವುದು ಕೂಡ ನೆನಪಿದೆ. ಮುದುಕ ಬಂದವನು ಬಗ್ಗಿ ನೋಡಿ "ಭೇಷ್, ಮದುಮಗಳ ಹಾಗೆ ಮಾಡಿದೀಯ" ಅಂದಾಗ, ಏನೂ ಆಗದವನಂತೆ, "ಒಳಗೆಲ್ಲ ಹೊಸದು ಯಜಮಾನ್ರೇ" ಅಂದಿದ್ದ. ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಜಾರಿದ್ದನ್ನು ನೆನೆದರೆ ಈಗ ನಾಲಿಗೆಯನ್ನೇ ಆ ತಂತಿಯ ಬ್ರಷ್ಷಿನಲ್ಲಿ ತಿಕ್ಕಬೇಕು ಅನ್ನಿಸುತ್ತದೆ.

ಹ್ಯಾಂಡ್ ಬ್ರೇಕಿನ ಕೇಬಲ್ಲು ತಪ್ಪಿಸಿ, ಆಯಿಲ್ ಪೈಪು ಬಿಚ್ಚಿ ಬಾಯಿಗೆ ಬೆಣೆ ತುರುಕಿ, ಎರಡು ಬೋಲ್ಟು ಸಡಿಲಿಸಿ ಅವನು ಕ್ಯಾಲಿಪರನ್ನು ಕೆಳಗಿಳಿಸಿದ. ಡಿಸ್ಕನ್ನು ಒತ್ತುವ ಪ್ಯಾಡುಗಳು ಹೊರಬರಲೊಲ್ಲವು, ಮೀಟಿದ. ಒಳಗಿನದು ಕಬ್ಬಿಣದವರೆಗೆ ಸವೆದು ಒಂದು ಬದಿ ಕರಗಿದಂತಿತ್ತು. ಹಿಂದಿನಿಂದ ಪಿಸುಗುಟ್ಟುವ ಸದ್ದು ಬಂತು. ತಿರುಗಿ ನೋಡಿದರೆ ಮುದುಕ ಕಣ್ಣುಮುಚ್ಚಿ, ಬೆರಳು ಮಡಿಚುತ್ತ, "ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು..." ಅನ್ನುತ್ತಿದ್ದ. ಎಪ್ಪತ್ತೆರಡರ ನಂತರ ನಿಂತ. ಮತ್ತೆ ನೂರರಿಂದ ಶುರುಮಾಡಿದ.

"ಏನದು ಯಜಮಾನ್ರೇ?"

ಮುದುಕ ಕದ್ದು ತಿನ್ನುವಾಗ ಸಿಕ್ಕಿಬಿದ್ದವನಂತೆ ಕೈ ಇಳಿಸಿದ. "ನೂರರಿಂದ ಏಳೇಳು ಕಳೀತಾ ಬನ್ನಿ ಅಂತ ಕೇಳ್ತಾರಂತೆ ಡಾಕ್ಟರು. ಮೊಮ್ಮಗಳು ಹೇಳಿಕೊಟ್ಟಿದಾಳೆ. ಅವಳಿಗೆ ಸರಾಗವಾಗಿ ಬರುತ್ತೆ, ನನಗೆ ಎಪ್ಪತ್ತೆರಡಕ್ಕೆ ಬ್ರೇಕು ಬೀಳುತ್ತೆ ನೋಡಿ." ಅಂದು ನಗಲು ನೋಡಿದ. "ಇವತ್ತು ವಾರ ಯಾವುದು, ತಾರೀಖು ಎಷ್ಟು, ಅದೂ ಕೇಳ್ತಾರಂತೆ. ತಾರೀಖು ಅಂಗೈಲಿ ಬರ್ಕೊಂಡಿದೀನಿ. ಮಗಳಿಗೆ ಹೇಳ್ಬೇಡಿ."

ಮೇಸ್ತ್ರಿ ಮುಖ ತಿರುಗಿಸಿದ. ಬೆಂಚಿನ ಇಕ್ಕಳಕ್ಕೆ ಕ್ಯಾಲಿಪರನ್ನು ಬಿಗಿದು, ಪಿಸ್ಟನ್ನಿನ ಮುಖದ ಎರಡು ಕಚ್ಚುಗಳಿಗೆ ಉಪಕರಣದ ಮೊಳೆಗಳನ್ನು ಕೂರಿಸಿ ತಿರುಗಿಸತೊಡಗಿದ. ಮುಂದಿನ ಚಕ್ರದ ಪಿಸ್ಟನ್ನಾದರೆ ಒತ್ತಿದರೆ ಹೋಗುತ್ತದೆ, ಎಳೆದರೆ ಬರುತ್ತದೆ. ಹಿಂದಿನದು ಹ್ಯಾಂಡ್ ಬ್ರೇಕನ್ನೂ ಹೊತ್ತದ್ದು. ತಿರುಪಿನ ಹಾಗೆ ತಿರುಗಿಸಿಯೇ ಹೊರತೆಗೆಯಬೇಕು. ಅದು ಕಾಲು ಸುತ್ತು ತಿರುಗಿ ನಿಂತಿತು. ಭುಜ ಕೊಟ್ಟು ತಿರುಗಿಸಿದ. ಹಲ್ಲು ಕಡಿದಂಥ ಸದ್ದು ಮಾಡಿ ಇನ್ನೊಂದು ಕಾಲು ಸುತ್ತು ಬಂತು. ಕೊನೆಗೊಮ್ಮೆ ಸಡಿಲವಾಗಿ, ಗಂಟಲಲ್ಲಿ ಸಿಕ್ಕಿದ್ದು ಕಕ್ಕಿದ ಹಾಗೆ, ಪಿಸ್ಟನ್ನು ಅವನ ಅಂಗೈಗೆ ಬಿತ್ತು. ಅದರ ಹಿಂದೆಯೇ ಕಾಫಿ ಗಸಿಯಂಥ ಆಯಿಲ್ಲು ಮಣಿಕಟ್ಟಿನವರೆಗೆ ಹರಿಯಿತು. ಹಳಸಿದ ಮೀನು, ಒದ್ದೆ ಕಬ್ಬಿಣ, ಔಷಧಿಯ ಸಿಹಿ, ಮೂರೂ ಕಲೆತ ನಾತ. ಪಿಸ್ಟನ್ನಿನ ಸೊಂಟಕ್ಕೆ ತುಕ್ಕಿನ ಉಂಗುರ ಸುತ್ತಿಕೊಂಡಿತ್ತು, ಸಿಡುಬಿನ ಕಲೆಗಳ ಹಾಗೆ ಗುಳಿಗುಳಿ. ಈ ನಾತವೇ ಮನೆಗೂ ಬರುತ್ತದೆ. ಮೊನ್ನೆ ಹೆಂಡತಿಗೆ ಜ್ವರ ಇದೆಯೇನೋ ಎಂದು ಕೆನ್ನೆ ಮುಟ್ಟಲು ಹೋದಾಗ ಅವಳ ಮುಖ ಅಲ್ಲಾಡಲಿಲ್ಲ, ಮೂಗಿನ ಹೊಳ್ಳೆಗಳು ಮಾತ್ರ ಚೂರೇ ಚೂರು ಮುಚ್ಚಿಕೊಂಡವು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿಲ್ಲ. ಆ ಹೊಳ್ಳೆಗಳನ್ನು ನೋಡಿದ ಮೇಲೆ ಅವನು ಕೈಯನ್ನು ತನ್ನ ಹಣೆಗೇ ಇಟ್ಟುಕೊಂಡು, "ನನಗೇ ಬಿಸಿ ಇದೆ ಅನ್ಸುತ್ತೆ" ಅಂದಿದ್ದ. ಅದೂ ಸುಳ್ಳು. ಎಷ್ಟು ಬೇಗ ಹೊಳೆಯುತ್ತವೆ ಸುಳ್ಳುಗಳು ತನಗೆ!

ಆರು ದಿನದ ಹಿಂದೆ ಆಕೆಯ ಫೋನು ಬಂದಾಗಲೂ ಹಾಗೇ. ಮುದುಕ ಮೊಮ್ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರದಿಂದ ಹೊಗೆ ಎದ್ದಿತು. ಅಂಗಡಿಯವನೊಬ್ಬ ಓಡಿಬಂದು ಮಗುವನ್ನು ಎಳೆದುಕೊಂಡ, ಇನ್ನೊಬ್ಬ ಬಕೆಟ್ಟು ನೀರು ಸುರಿದ, ಕೂಡಿದ ಮಂದಿಯಲ್ಲಿ ಯಾರೋ "ಹ್ಯಾಂಡ್ ಬ್ರೇಕ್ ಎಳ್ಕೊಂಡೇ ಓಡಿಸ್ತಿದೀಯಲ್ಲ ಅಜ್ಜಾ, ತಲೆ ನೆಟ್ಟಗಿದೆಯಾ?" ಅಂದರು. ಅದನ್ನೆಲ್ಲ ಆಕೆ ಫೋನಿನಲ್ಲಿ ಹೇಳುತ್ತಿರುವಾಗಲೇ ಮೇಸ್ತ್ರಿಗೆ ಕಣ್ಣೆದುರು ಬೆಳ್ಳಿ ಬಣ್ಣ ಬಂದು ನಿಂತಿತ್ತು. ಆಮೇಲೆ ಆಕೆಯೇ, "ಹ್ಯಾಂಡ್ ಬ್ರೇಕ್ ಹಾಕಿ ಓಡಿಸಿದ್ರೆ ಹೀಗಾಗುತ್ತಲ್ವಾ ಮೇಸ್ತ್ರಿ?" ಎಂದು ಕೇಳಿದಳು. "ಆಗುತ್ತೆ ಮೇಡಂ," ಅಂದ. ಅದು ಸುಳ್ಳಲ್ಲ, ಹಾಗೆ ಓಡಿಸಿದರೆ ಹಾಗೆ ಆಗಿಯೇ ಆಗುತ್ತದೆ. ಸುಳ್ಳಲ್ಲ ಎನ್ನುವುದನ್ನೇ ಆರು ದಿನ ಬಾಯಲ್ಲಿಟ್ಟು ಚೀಪುತ್ತಿದ್ದ.

ಮರದ ಕಡ್ಡಿಯಿಂದ ಹಳೆಯ ಸೀಲನ್ನು ಮೀಟಿ ತೆಗೆದು ತಟ್ಟೆಗೆ ಹಾಕಿದ. ಕಬ್ಬಿಣದ ಮೊನೆ ತಾಗಿಸಿದರೆ ಒಳಗೆ ಗೀರು ಬೀಳುತ್ತದೆ, ಗೀರಿನಿಂದ ಆಯಿಲ್ಲು ಸೋರುತ್ತದೆ. ಇಂಥ ಕಡೆ ಅವನ ಕೈ ಈಗಲೂ ಎಚ್ಚರವಾಗಿಯೇ ಇತ್ತು, ಅದೇ ಅವನಿಗೆ ಇನ್ನಷ್ಟು ಹೇಸಿಗೆ ತಂದಿತು. ಕೆಲಸ ಬಾರದವನಾಗಿದ್ದರೆ ಬರಲಿಲ್ಲ ಎನ್ನಬಹುದಿತ್ತು. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಳಗೆ ತೂರಿಸಿ ತಿರುಗಿಸಿದ, ಕಪ್ಪಾಗಿ ಬಂತು, ಇನ್ನೊಂದು ಬಟ್ಟೆ, ಅದೂ ಕಪ್ಪು, ಏಳನೆಯದು ಕಂದು, ಹತ್ತನೆಯದು ಹಾಗೇ ಬಿಳಿಯಾಗಿ ಬಂದಾಗ ಮುದುಕ ಟೈರಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ. ಮೇಸ್ತ್ರಿ ಬೆಂಚಿನ ಕೆಳಗಿನ ಡ್ರಾಯರು ಎಳೆದು ಪೊಟ್ಟಣ ತೆಗೆದ. ಹೊಸ ಪಿಸ್ಟನ್ನು, ಸೀಲು, ಧೂಳು ತಡೆಯುವ ರಬ್ಬರು, ಎಲ್ಲ ಇದ್ದ ಪೊಟ್ಟಣ.

"ಹೊಸದಾ ಇದು? ಧೂಳು ಕೂತಿದೆಯಲ್ಲ ಮೇಲೆ," ಎಂದ ಮುದುಕ.

"ಅಂಗಡೀಲಿ ಹಾಗೇ ಬಿದ್ದಿರುತ್ತೆ. ಹಾಗೇ ಕೊಡ್ತಾರೆ."

"ಅದೂ ಸರಿಯೇ." ಮುದುಕ ಒಪ್ಪಿದ. ಈಗ ಯಾರು ಏನು ಹೇಳಿದರೂ ಅವನು ಅಷ್ಟೇ ಬೇಗ ಒಪ್ಪುತ್ತಿದ್ದ. ತಗ್ಗಿದ ದನಿಯಲ್ಲಿ ಅಂದ: "ಮೊದಲನೇ ದಿನ ಹ್ಯಾಂಡ್ ಬ್ರೇಕ್ ನಾನು ಹಾಕಿಲ್ಲ ಅಂತಲೇ ಅಂದೆ. ಬಿಡಿಸಿದ್ದೆ, ಕೈಗೆ ನೆನಪಿತ್ತು. ಎಲ್ಲರೂ ಹೇಳಿದ್ರು. ರಾತ್ರಿಯೆಲ್ಲ ಯೋಚನೆ ಮಾಡಿದೆ. ಈಗ ಹಾಕಿದ ಹಾಗೇ ನೆನಪಾಗುತ್ತೆ. ಲೀವರ್ ಎಳೆದಿದ್ದು, ಟಕ್ ಅಂತ ಸದ್ದು ಬಂದಿದ್ದು ಸಮೇತ. ಇಲ್ಲದಿದ್ದದ್ದು ಹೀಗೆ ನೆನಪಾಗುತ್ತೇನು, ಹೇಳಿ?"

ಮೇಸ್ತ್ರಿ ಹೊಸ ಸೀಲನ್ನು ಶುದ್ಧ ಆಯಿಲ್ಲಿನಲ್ಲಿ ಅದ್ದಿ, ಒಳಗಿನ ತೋಡಿನಲ್ಲಿ ಕೂರಿಸಿ, ಎಲ್ಲೂ ತಿರುಚಿಲ್ಲವೇ ಎಂದು ಕಿರುಬೆರಳು ಸುತ್ತಾಡಿಸಿ ನೋಡಿದ. ಹೊಸ ಪಿಸ್ಟನ್ನನ್ನು ಅಂಗೈಯಿಂದ ಒತ್ತುತ್ತ ತಿರುಗಿಸಿದಾಗ ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇಷ್ಟು ಸುಲಭದ ಕೆಲಸ! ಬೆಳಿಗ್ಗೆ ಶುರುಮಾಡಿದರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಡಿಸ್ಕನ್ನು ಉಜ್ಜಿ, ಹೊಸ ಪ್ಯಾಡು ಹಾಕಿ, ಜಾರುವ ಪಿನ್ನುಗಳಿಗೆ ಗ್ರೀಸು ಸವರಿ ಎಲ್ಲವನ್ನೂ ಸ್ವಸ್ಥಾನದಲ್ಲಿ ಬಿಗಿದಾಗ ಎರಡೂವರೆ ಗಂಟೆ. ಇನ್ನು ಪೈಪಿನೊಳಗೆ ಸಿಕ್ಕಿದ ಗಾಳಿ ತೆಗೆಯಬೇಕು. ಅದಕ್ಕೆ ಪೆಡಲು ಒತ್ತಲು ಇನ್ನೊಬ್ಬರು ಬೇಕು. ಸಾಮಾನ್ಯವಾಗಿ ಪಕ್ಕದ ವೆಲ್ಡಿಂಗಿನವನನ್ನು ಕೂಗುತ್ತಿದ್ದ. ಇವತ್ತು ಆತ ಇರಲಿಲ್ಲ.

"ನಾನು ಕೂರ್ಲಾ?" ಎಂದ ಮುದುಕ. "ಮಗಳು ಬೈತಾಳೇನೋ. ಕೀ ಹಾಕಬೇಕಾಗಿಲ್ಲ ತಾನೆ?"

ಅವನು ಚಾಲಕನ ಸೀಟಿಗೆ ಹತ್ತಿದ. ಮೇಸ್ತ್ರಿ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಗಾಳಿ ಬಿಡುವ ನಿಪ್ಪಲ್ಲಿಗೆ ಸಣ್ಣ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಶೀಶೆಗೆ ಇಳಿಬಿಟ್ಟ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ.

"ಒತ್ತಿ."

"ಒತ್ತಿದೆ."

"ಹಾಗೇ ಹಿಡೀರಿ." ನಿಪ್ಪಲ್ಲು ಸಡಿಲಿಸಿದ. ಗುಳ್ಳೆಗುಳ್ಳೆಯಾಗಿ ಆಯಿಲ್ಲು ಶೀಶೆಗೆ ಬಂತು. ಬಿಗಿದ. "ಬಿಡಿ."

ವೆಲ್ಡಿಂಗಿನವನು ಯಾವಾಗಲೂ ಹೇಳುವ ಮುಂಚೆಯೇ ಕಾಲು ತೆಗೆದು, ಹೋದ ಗಾಳಿಯನ್ನು ವಾಪಸು ಎಳೆದುಕೊಳ್ಳುತ್ತಿದ್ದ. ಬೈದರೆ, ಪೆಡಲನ್ನು ನೆಲಕ್ಕೆ ಒದೆಯುತ್ತಿದ್ದ. ಈ ಕಾಲು ಹಾಗಲ್ಲ. ಒಂದೇ ಸಮನೆ ಇಳಿಯಿತು, ಮಾತು ಬರುವವರೆಗೆ ಕಾದು ನಿಂತಿತು, ಬಿಡಿ ಅಂದಾಗ ಎಷ್ಟು ನಿಧಾನ ಬೇಕೋ ಅಷ್ಟೇ ನಿಧಾನವಾಗಿ ಮೇಲೆದ್ದಿತು. ಎಪ್ಪತ್ತರಾಚೆಯ ಸೊರಗಿದ ಕಾಲು. ನೂರಾರು ಜನ ಹಿಂದೆ ಕೂತು ತೂಕಡಿಸುತ್ತಿದ್ದಾಗ ಅವರ ತಲೆ ಮುಂದಿನ ಸೀಟಿಗೆ ಬಡಿಯದಂತೆ ಮೂವತ್ತಾರು ವರ್ಷ ಹೀಗೇ ಒತ್ತಿದ ಕಾಲು. ಅದು ಕಾರಿನ ಹೊಟ್ಟೆಯೊಳಗಿನ ಪೈಪಿನುದ್ದಕ್ಕೂ ಹರಿದು ಬಂದು ಮೇಸ್ತ್ರಿಯ ಬೆರಳ ತುದಿಯಲ್ಲಿ ಮಿಡಿಯುತ್ತಿತ್ತು. ನಾಲ್ಕು ಸಲ, ಐದು ಸಲ. ಆರನೆಯ ಸಲ ಅವನಿಗೆ ತಡೆಯಲಾಗಲಿಲ್ಲ.

"ಯಜಮಾನ್ರೇ."

"ಒತ್ಲಾ?"

"ಬೇಡ. ಹ್ಯಾಂಡ್ ಬ್ರೇಕ್ ನೀವು ಹಾಕಿರ್ಲಿಲ್ಲ." ಎದುರಿಗಿದ್ದುದು ಕ್ಯಾಲಿಪರು, ಅದಕ್ಕೇ ಹೇಳುತ್ತಿರುವಂತೆ ಹೇಳಿದ. "ಮೂರು ತಿಂಗಳ ಹಿಂದೆ ನಾನು ಇದರ ಒಳಗೆ ಕೈ ಹಾಕ್ಲೇ ಇಲ್ಲ. ಮೇಲೆ ಬಣ್ಣ ಬಳಿದು ಕೊಟ್ಟುಬಿಟ್ಟೆ. ಒಳಗೆ ತುಕ್ಕು ಹಿಡಿದು ಪಿಸ್ಟನ್ನು ಕಚ್ಕೊಂಡಿತ್ತು. ಹೊಗೆ ಅದರಿಂದ ಬಂದದ್ದು. ಆ ಪೊಟ್ಟಣ ಅಂಗಡೀಲಿ ಬಿದ್ದಿದ್ದಲ್ಲ, ನನ್ನ ಡ್ರಾಯರಲ್ಲೇ ಬಿದ್ದಿತ್ತು."

ರಸ್ತೆಯಲ್ಲಿ ಯಾವುದೋ ಲಾರಿ ಹಾದುಹೋಯಿತು, ಶೆಡ್ಡಿನ ತಗಡು ನಡುಗಿತು. ಈಗ ಬಾಗಿಲು ತೆರೆಯುತ್ತದೆ, ಮುದುಕ ಇಳಿದು ಬಂದು ಉಗಿಯುತ್ತಾನೆ, ಇಲ್ಲ ಕೈಗೆ ಸಿಕ್ಕಿದ್ದು ಎತ್ತಿಕೊಂಡು ಬಾರಿಸುತ್ತಾನೆ ಎಂದು ಮೇಸ್ತ್ರಿ ಕತ್ತು ಕುಗ್ಗಿಸಿ ಕೂತ. ಬಾರಿಸಲಿ ಎಂದೇ ಕಾದ.

"ಗುಳ್ಳೆ ಇನ್ನೂ ಬರ್ತಿದೆಯಾ?" ಎಂದು ಕೇಳಿತು ದನಿ.

"ಬರ್ತಿದೆ."

"ಹಾಗಿದ್ರೆ ಅದನ್ನ ಮುಗಿಸು ಮೊದಲು." ಪೆಡಲು ಇಳಿಯಿತು. ಅದೇ ಹದ, ಅದೇ ತಾಳ್ಮೆ. ಗುಳ್ಳೆಗಳು ನಿಂತು ಆಯಿಲ್ಲು ತಿಳಿಯಾಗಿ, ಜೇನಿನ ಬಣ್ಣದಲ್ಲಿ ಬರುವವರೆಗೂ ಇಬ್ಬರೂ ಒತ್ತು, ಬಿಡು ಎಂಬೆರಡು ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಕೊನೆಗೆ ಮುದುಕ ಅಂದ: "ಮಗಳು ಬರಲಿ. ಅವಳಿಗೆ ಹೇಳು. ನನಗೆ ಹೇಳಿದ್ರೆ ಏನು ಬಂತು, ನನ್ನ ಮಾತು ಯಾರು ನಂಬ್ತಾರೆ."

ಮೂರೂಕಾಲಿಗೇ ಆಕೆ ಬಂದಳು. ಅಪ್ಪ ಚಾಲಕನ ಸೀಟಿನಲ್ಲಿ ಕೂತಿರುವುದನ್ನು ಕಂಡು ಅವಳ ಹುಬ್ಬು ಗಂಟಿಕ್ಕಿತು. ಮೇಸ್ತ್ರಿ ಎದುರು ಹೋಗಿ, ಮುದುಕನಿಗೆ ಹೇಳಿದ್ದನ್ನೇ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ಒಂದು ದಣಿದ ನಗು ಮೂಡಿತು. ಅವನು ಏನೇನನ್ನೋ ನಿರೀಕ್ಷಿಸಿದ್ದ, ಅದನ್ನಲ್ಲ.

"ಅಪ್ಪ ಹೇಳಿಕೊಟ್ರಾ?"

"ಇಲ್ಲ ಮೇಡಂ, ಸತ್ಯವಾಗ್ಲೂ..."

"ನೋಡಿ, ನಿಮ್ಮ ಒಳ್ಳೇ ಮನಸ್ಸು ನನಗೆ ಅರ್ಥವಾಗುತ್ತೆ. ಬೆಳಿಗ್ಗೆಯಿಂದ ಜೊತೇಲಿ ಕೂತಿದಾರೆ, ಪಾಪ ಅನ್ಸಿರುತ್ತೆ. ಆದ್ರೆ ಹೀಗೆಲ್ಲ ತಪ್ಪು ಮೈಮೇಲೆ ಎಳ್ಕೊಂಡು ಅವರ ಕೈಗೆ ಕಾರು ಕೊಡಿಸ್ಬೇಡಿ. ಹೋದ ತಿಂಗಳು ಒಲೆ ಹಚ್ಚಿಟ್ಟು ಮಲಗಿಬಿಟ್ಟಿದ್ರು. ಮಗೂನ ನಮ್ಮ ಸೋದರತ್ತೆ ಹೆಸರು ಹಿಡಿದು ಕರೀತಾರೆ, ಅತ್ತೆ ತೀರಿಹೋಗಿ ಹನ್ನೆರಡು ವರ್ಷ ಆಯ್ತು."

ಒಳ್ಳೇ ಮನಸ್ಸು! ಹಲ್ಲಿ ಬರಿಮೈಮೇಲೆ ಬಿದ್ದಂತಾಯಿತು ಅವನಿಗೆ. ಇಷ್ಟು ದಿನ ಸುಳ್ಳು ಹೇಳಿದಾಗಲೆಲ್ಲ ನಂಬಿದ ಜಗತ್ತು, ಇದೊಂದನ್ನು ನಂಬದೆ ತಿರುಗಿ ಅವನ ಕೊರಳಿಗೆ ಹೊಗಳಿಕೆಯನ್ನೇ ಹಾಕುತ್ತಿದೆಯಲ್ಲ. ಹೋಗಿ ತಟ್ಟೆಯನ್ನೇ ಎತ್ತಿಕೊಂಡು ಬಂದು ಅವಳ ಮುಂದೆ ಹಿಡಿದ. ಹರಿದ ರಬ್ಬರು, ತುಕ್ಕಿನ ಉಂಗುರದ ಪಿಸ್ಟನ್ನು, ಹಳೆಯ ಸೀಲು, ಎಲ್ಲ ಕರಿ ಲೋಳೆಯಲ್ಲಿ ಮುಳುಗಿದ್ದವು. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಮೇಡಂ, ನೀವು ಇಂಥದ್ದನ್ನೇ ನೋಡೋರು. ಒಂದ್ಸಲ ನೋಡಿ. ಇದು ಮೂರು ತಿಂಗಳದ್ದಾ?"

ಆಕೆ ತಟ್ಟೆಯನ್ನೂ ಅವನ ಮುಖವನ್ನೂ ನೋಡಿದಳು. ಚೀಲದಿಂದ ಕಾಗದದ ಕರವಸ್ತ್ರ ತೆಗೆದು, ಸೀಲಿನ ಉಂಗುರವನ್ನು ಎತ್ತಿ ಬೆಳಕಿಗೆ ಹಿಡಿದಳು. ಕೈ ತಾನಾಗಿಯೇ ಲ್ಯಾಬಿನ ಕೈಯಾಯಿತು. ತಿರುಗಿಸಿದಳು, ಅಂಚಿನ ಕೊಳೆಯ ಪದರವನ್ನು ಉಗುರಿನಿಂದ ಕೆರೆದು ನೋಡಿದಳು, ಎರಡು ಬೆರಳಲ್ಲಿ ಬಗ್ಗಿಸಿದಳು. ಒಣಗಿದ ಕಡ್ಡಿಯ ಹಾಗೆ ಅದು ಪಟ್ಟನೆ ಮುರಿಯಿತು. ಮುರಿದ ತುಂಡುಗಳನ್ನು ತುಂಬಾ ಹೊತ್ತು ನೋಡುತ್ತ ನಿಂತಳು.

"ನಿಮಗೆ ಯಾವಾಗ ಗೊತ್ತಾಯ್ತು? ಇವತ್ತು ಬಿಚ್ಚಿದ ಮೇಲಾ?"

"ನೀವು ಫೋನ್ ಮಾಡಿದಾಗಲೇ ಗೊತ್ತಿತ್ತು."

"ಹ್ಯಾಂಡ್ ಬ್ರೇಕಿಂದ ಹೀಗಾಗುತ್ತಾ ಅಂತ ನಾನು ಕೇಳಿದಾಗ?"

"ಹೂಂ. ಆಗಲೇ."

"ನನ್ನ ಮಗಳು ಹಿಂದಿನ ಸೀಟಲ್ಲಿ ಕೂತಿದ್ದಳು."

"ಗೊತ್ತು ಮೇಡಂ."

ಆಗ ಅವಳ ಮುಖದಲ್ಲಿ ಅದು ಬಂತು. ಮೊದಲು ತುಟಿಯ ಒಂದು ತುದಿ ಕೆಳಗಿಳಿಯಿತು, ಆಮೇಲೆ ಕಣ್ಣು ಸಣ್ಣದಾಯಿತು. ಬೆಳಿಗ್ಗೆ ಕೀಲಿ ಬಿಟ್ಟ ಕೈ ಅವನ ಮಸಿಗೆ ಹೇಸಿತ್ತು, ಈ ಕಣ್ಣು ಅವನಿಗೇ ಹೇಸಿತು. ಅವನು ತಲೆ ತಗ್ಗಿಸದೆ ನಿಂತ. ವಿಚಿತ್ರವೆಂದರೆ ಆ ನೋಟದ ಕೆಳಗೆ ಅವನಿಗೆ ತಣ್ಣೀರು ಸ್ನಾನ ಮಾಡಿದಷ್ಟು ಹಗುರವೆನಿಸಿತು. ಹೇಳಿದೆನಲ್ಲ, ಎಲ್ಲ ಹೇಳಿಬಿಟ್ಟೆನಲ್ಲ, ಇನ್ನು ಒಳಗೆ ಏನೂ ಉಳಿದಿಲ್ಲ ಎಂಬ ಹಮ್ಮು ಕೂಡ ಮೆಲ್ಲಗೆ ತಲೆಯೆತ್ತಿತು. ಎಷ್ಟು ಜನ ಮೆಕ್ಯಾನಿಕರು ಹೀಗೆ ಬಾಯಿಬಿಟ್ಟು ಹೇಳುತ್ತಾರೆ? ಆಕೆ ತುಂಡುಗಳನ್ನು ತಟ್ಟೆಗೆ ಹಾಕಿ, ಕಾರಿನ ಮುಂದಿನಿಂದ ಸುತ್ತಿಕೊಂಡು ಹೋಗಿ, ಅಪ್ಪನ ಪಕ್ಕದ ಬಾಗಿಲು ತೆರೆದು ಕೂತಳು. "ಕೀ ಕೊಡಿ ಮೇಸ್ತ್ರಿ, ಅಪ್ಪನ ಕೈಗೆ," ಅಂದಳು, ಅವನ ಕಡೆ ನೋಡದೆ.

ಮುದುಕ ಕೀಲಿ ತೊಗೊಂಡ. ಸಿಕ್ಕಿಸಿದ; ತಿರುಗಿಸಲಿಲ್ಲ. ಪೆಡಲನ್ನು ಒಮ್ಮೆ ಒತ್ತಿ ನೋಡಿದ, ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟ. ಏನನ್ನೋ ಲೆಕ್ಕ ಹಾಕುವವನಂತೆ ಬೆರಳು ಮಡಿಚಿ, ಕಿಟಕಿಯಿಂದ ತಲೆ ಹೊರಹಾಕಿದ.

"ಆ ಕಡೇದು?"

"ಯಾವುದು ಯಜಮಾನ್ರೇ?"

"ಹಿಂದೆ ಎರಡು ಚಕ್ರ ಇರ್ತಾವಲ್ಲ ಮೇಸ್ತ್ರಿ. ಬಲಗಡೇದನ್ನ ಆವತ್ತು ಒಳಗೆ ಬಿಚ್ಚಿದ್ಯಾ?"

ಬೆಳಗಿನಿಂದ ಮೇಸ್ತ್ರಿ ಕಾರಿನ ಆ ಬದಿಗೆ ಒಮ್ಮೆಯೂ ಹೋಗಿರಲಿಲ್ಲ. ಹೋಗದೇ ಇದ್ದದ್ದು ಗೊತ್ತಾದದ್ದೂ ಈಗಲೇ. ಆ ಮಧ್ಯಾಹ್ನ ಎರಡು ಕ್ಯಾಲಿಪರುಗಳನ್ನೂ ಒಂದೇ ಕಾಗದದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಬಣ್ಣ ಬಳಿದಿದ್ದ. ಸತ್ಯ ಹೇಳುವಾಗ ಕೂಡ ಅವನು ಹೊಗೆ ಬಂದಷ್ಟನ್ನೇ ಹೇಳಿದ್ದ.

"ಇಲ್ಲ," ಅಂದ.

ಆಕೆ "ಅಯ್ಯೋ" ಎಂದು ಕಣ್ಣುಮುಚ್ಚಿಕೊಂಡಳು. ಮುದುಕ ಕೀಲಿ ಎಳೆದು ಅಂಗಿಯ ಜೇಬಿಗೆ ಹಾಕಿಕೊಂಡು, ಬಾಗಿಲು ಹಿಡಿದು ಕೆಳಗಿಳಿದ. "ಬಿಚ್ಚು. ನಾಳೆ ಹತ್ತು ಗಂಟೆಗೆ ಬರ್ತೀನಿ, ಪೆಡಲು ನಾನೇ ಒತ್ತಿಕೊಡ್ತೀನಿ. ನಾನಿಲ್ಲದೆ ಮುಚ್ಚಬೇಡ." ಮಗಳ ಕಡೆ ತಿರುಗಿ, "ಇಳಿಯಮ್ಮಾ. ಬಸ್ಸಲ್ಲಿ ಹೋಗೋಣ, ಹೊತ್ತಾಗುತ್ತೆ," ಅಂದ. ಆಕೆ ಇಳಿದಳು.

ಶೆಡ್ಡಿನ ಬಾಗಿಲು ದಾಟಿ ಮುದುಕ ಎದೆ ಸೆಟೆಸಿಕೊಂಡು ಎಡಕ್ಕೆ ತಿರುಗಿ ನಡೆಯತೊಡಗಿದ. ಬಸ್ ನಿಲ್ದಾಣ ಇದ್ದದ್ದು ಬಲಕ್ಕೆ. ಎದುರಿಗೇ ಕಾಣುತ್ತಿತ್ತು, ಜನ ನಿಂತಿದ್ದರು. ಐದಾರು ಹೆಜ್ಜೆ ಹೋಗಿ ತಡೆದು ನಿಂತ, ಸುತ್ತ ನೋಡಿದ, ಮತ್ತೆ ಅದೇ ಕಡೆ ಕಾಲಿಟ್ಟ. ಆಕೆ ಓಡಿಹೋಗಿ ಮೊಣಕೈ ಹಿಡಿದು, "ಈ ಕಡೆ ಅಪ್ಪಾ," ಎಂದು ಮೆಲ್ಲಗೆ ತಿರುಗಿಸಿದಳು.

ನೋಡುತ್ತ ನಿಂತ ಮೇಸ್ತ್ರಿಯ ಮನಸ್ಸಿನಲ್ಲಿ, ಯಾರೂ ಕರೆಯದೆ, ಒಂದು ಮಾತು ಎದ್ದಿತು: ನೋಡು, ದಾರಿ ಕೂಡ ನೆನಪಿಲ್ಲ, ಹ್ಯಾಂಡ್ ಬ್ರೇಕ್ ಆವತ್ತು ನಿಜವಾಗಿಯೂ ಹಾಕಿದ್ದರೂ ಹಾಕಿರಬಹುದು. ಎದ್ದದ್ದಷ್ಟೇ ಅಲ್ಲ, ಅದರ ಬೆನ್ನಿಗೇ ಎದೆ ಹಗುರವಾಯಿತು. ಆ ಹಗುರ ಅವನಿಗೆ ಗೊತ್ತಾಯಿತು. ಬಾಯಲ್ಲಿ ಹುಳಿನೀರು ತುಂಬಿಕೊಂಡಿತು. ಮೂಲೆಯ ಚರಂಡಿಗೆ ಹೋಗಿ, ಗೋಡೆ ಹಿಡಿದು, ಏನೂ ಬರದಿದ್ದರೂ ಎರಡು ಮೂರು ಸಲ ಓಕರಿಸಿ ಉಗಿದ. ಮುಖ ತೊಳೆಯಲಿಲ್ಲ. ಜಾಕನ್ನು ಎಳೆದುಕೊಂಡು ಕಾರಿನ ಬಲಗಡೆಗೆ ಹೋದ.